ಯಂತ್ರದಲ್ಲಿ ಅನಿತ್ಯದೋಷ

ಅಲಂಕಾರಶಾಸ್ತ್ರವನ್ನು ಓದಿದವರಿಗೆ ದೋಷಗಳಲ್ಲಿ ಎರಡು ಬಗೆಯುಂಟೆಂಬುದು ತಿಳಿದ ವಿಷಯವೇ. ಎಲ್ಲಿದ್ದರೂ ದೋಷವೇ ಆಗಿರತಕ್ಕದ್ದು ನಿತ್ಯದೋಷ. ಒಂದೆಡೆಯಲ್ಲಿ ದೋಷವಾಗಿ, ಇನ್ನೊಂದೆಡೆಯಲ್ಲಿ ಗುಣವೇ ಆಗಿ ತೋರತಕ್ಕದ್ದು ಅನಿತ್ಯದೋಷ. ಕಿವಿಗೆ ಕಠೋರವಾದ ವರ್ಣಗಳು ಶೃಂಗಾರವನ್ನು ಕೆಡಿಸುವುವು; ರೌದ್ರದಲ್ಲಿ ಅವೇ ಶೋಭೆಯನ್ನು ತರುವುವು. ಕಾವ್ಯಕ್ಕೆ ಹೇಳಿದ ಈ ಮಾತು ಕಬ್ಬಿಣದ ಯಂತ್ರಕ್ಕೂ ಸಲ್ಲುವುದೆಂದರೆ ವಾಚಕರು ನಕ್ಕಾರು. ಆದರೂ ಇಂಗ್ಲೆಂಡಿನ ಹಳೆಯ ಮೋಟಾರು ಸೈಕಲ್ಲುಗಳ ಚರಿತ್ರೆಯನ್ನು ನೋಡಿದರೆ ಇದು ನಗೆಯ ಮಾತಲ್ಲವೆಂದು ತೋರುವುದು.

ಆ ಹಳೆಯ ವಾಹನಗಳನ್ನು ಈಗಲೂ ಪ್ರೀತಿಯಿಂದ ಕಾಪಾಡುವವರಿದ್ದಾರೆ. ಅವರೇ ಅವುಗಳ ಮೇಲೆ ಎರಡು ದೂರುಗಳನ್ನು ಹೇಳುವರು: ಒಂದು, ಕೈಕಾಲು ಜೋಮುಹಿಡಿಯುವಂತೆ ನಡುಗುವುದು, ಇನ್ನೊಂದು, ನಿಲ್ಲಿಸಿದಲ್ಲೆಲ್ಲ ಎಣ್ಣೆಯನ್ನು ತೊಟ್ಟಿಕ್ಕುವುದು. ಹಾಗಾದರೆ ಅವನ್ನು ರಚಿಸಿದವರಿಗೆ ಬುದ್ಧಿಯಿರಲಿಲ್ಲವೆ? ಇದನ್ನು ವಿಚಾರಿಸೋಣ.

1937ನೆಯ ಇಸವಿಯಲ್ಲಿ ಟ್ರಯಂಫ್ ಕಂಪೆನಿಯ ಎಡ್ವರ್ಡ್ ಟರ್ನರ್ ಎಂಬವನು ‘ಸ್ಪೀಡ್ ಟ್ವಿನ್’ ಎಂಬ ವಾಹನವನ್ನು ಹೊರತಂದನು. ಅದುವರೆಗೆ ಆ ದೇಶದ ಸಾಮಾನ್ಯ ಮೋಟಾರು ಸೈಕಲ್ಲಿಗೆ ಒಂದೇ ಸಿಲಿಂಡರು. ಟರ್ನರನು 498 ಸಿ.ಸಿ. ಗಾತ್ರವನ್ನು ಎರಡು ಸಿಲಿಂಡರುಗಳಿಗೆ ಹಂಚಿ, ಅವನ್ನು ಪಕ್ಕಪಕ್ಕದಲ್ಲಿ ನಿಲ್ಲಿಸಿ, ಎರಡರ ಪಿಸ್ಟನ್ನುಗಳೂ ಒಟ್ಟಿಗೆ ಏರಿ ಒಟ್ಟಿಗೆ ಇಳಿಯುವಂತೆ ಮಾಡಿದನು. ಒಂದೊಂದು ಸಿಲಿಂಡರಿನಲ್ಲಿಯೂ ಎರಡು ಸುತ್ತಿಗೊಮ್ಮೆ ಪೆಟ್ರೋಲು ಉರಿಯುವುದು. ಎರಡೂ ಸರದಿಯಿಂದ ಉರಿದರೆ ಸುತ್ತಿಗೊಂದರಂತೆ ಸಮಕಾಲದಲ್ಲಿ ಶಕ್ತಿ ಬರುವುದು. ಉರಿಯುವಿಕೆ ಸಮಕಾಲದಲ್ಲಿದ್ದರೆ ಕಿಡಿ ಹುಟ್ಟಿಸುವ ಮ್ಯಾಗ್ನೆಟೋ ಸರಳವಾಗಿದ್ದರೆ ಸಾಕು. ಪೆಟ್ರೋಲನ್ನು ಗಾಳಿಯೊಡನೆ ಬೆರೆಸುವ ಕಾರ್ಬುರೇಟರು ಒಂದೇ ಸಾಕು. ಯಂತ್ರವೂ ಒಂಟಿ ಸಿಲಿಂಡರಿನ ವಾಹನದ ಚೌಕಟ್ಟಿನಲ್ಲಿಯೇ ಕುಳಿತುಕೊಂಡಿತು. ಬೆಲೆ ಮಿತ, ನೋಟ ಅಂದ, ಓಟ ಚುರುಕು. 1946ರಿಂದ 1949ರೊಳಗೆ ಬಿ.ಎಸ್.ಎ., ನಾರ್ಟನ್, ಎ.ಜೆ.ಎಸ್., ಮ್ಯಾಚ್‌ಲೆಸ್, ರಾಯಲ್ ಎನ್‌ಫೀಲ್ಡ್ ಕಂಪೆನಿಗಳೆಲ್ಲವೂ ಇದೇ ದಾರಿಯನ್ನು ಹಿಡಿದುವು.

ಈ ಗುಣಗಳಿಗೆ ತೆತ್ತ ಬೆಲೆಯೇನು? ಇಬ್ಬರು ಹೆಂಗಸರು ಒಂದೇ ಒರಳಿನಲ್ಲಿ ಭತ್ತ ಕುಟ್ಟುವುದನ್ನು ನೆನೆಯಿರಿ. ಒಬ್ಬಳ ಒನಕೆ ಏರುವಾಗ ಇನ್ನೊಬ್ಬಳದು ಇಳಿಯುವುದು. ಇಬ್ಬರೂ ಎರಡು ಒರಳುಗಳಲ್ಲಿ ಒಟ್ಟಿಗೆ ಎತ್ತಿ ಒಟ್ಟಿಗೆ ಹಾಕಿದರೆ ನೆಲವೇ ಅದುರುವುದು. ಟರ್ನರನ ಯಂತ್ರದ ಪಿಸ್ಟನ್ನುಗಳು ಈ ಎರಡನೆಯ ರೀತಿಯವು. ಆದುದರಿಂದ ಎರಡು ಸಿಲಿಂಡರುಗಳಿದ್ದರೂ ನಡುಕದಲ್ಲಿ ಅದು ಒಂಟಿ ಸಿಲಿಂಡರಿನ ಯಂತ್ರದ ಒಡಹುಟ್ಟೇ ಆಯಿತು. ತಿರುಗುವ ದಂಡಕ್ಕೆ ಎದುರುತೂಕವನ್ನು ಕಟ್ಟಿದರೆ ಮೇಲುಕೆಳಗಿನ ಅದುರು ಕಡಮೆಯಾಗಿ ಹಿಂದುಮುಂದಿನ ಅದುರು ಹುಟ್ಟುವುದೇ ಹೊರತು, ಪೂರ್ತಿಯಾಗಿ ಅಡಗದು.

ಹಾಗಾದರೆ ಒಂದು ಏರುವಾಗ ಇನ್ನೊಂದು ಇಳಿಯಲೆಂದು ಏಕೆ ಮಾಡಬಾರದೆಂದು ವಾಚಕರು ಕೇಳಬಹುದು. ಮಾಡಬಹುದು, ಜಪಾನಿನ ಹೋಂಡಾ ಕಂಪೆನಿಯು 1965ರ 450 ಸಿ.ಸಿ. ವಾಹನದಲ್ಲಿ ಹಾಗೆಯೇ ಮಾಡಿತು. ಆದರೆ ಆಗ ಉರಿಯುವ ಸರದಿ ಸಮಕಾಲವನ್ನು ತಪ್ಪುವುದು, ಯಂತ್ರವು ಎಡಬಲಕ್ಕೆ ಓಲಾಡುವುದು. ಒಂದು ದೋಷವನ್ನು ಬಿಟ್ಟವನು ಇನ್ನೊಂದನ್ನು ಕೊಳ್ಳಬೇಕಾಯಿತು.

ಎಣ್ಣೆ ಸೋರುವುದಕ್ಕೂ ಇದೇ ಮೂಲದ ಸಂಬಂಧವುಂಟು. ಎರಡು ಪಿಸ್ಟನ್ನುಗಳೂ ಒಟ್ಟಿಗೆ ಇಳಿಯುವಾಗ ಕೆಳಗಿನ ಪೆಟ್ಟಿಗೆಯೊಳಗಿನ ಗಾಳಿಯನ್ನು ತಿದಿಯಂತೆ ಒತ್ತುವುವು. ಆ ಪೆಟ್ಟಿಗೆಯಾದರೋ ಬೇಳೆಯ ಎರಡು ಹೋಳುಗಳಂತೆ ಎಡಬಲಗಳಿಂದ ಕೂಡಿಸಿದ್ದು. ಅದರ ಬೆಸುಗೆಯಿಲ್ಲದ ಸಂದು ಎಣ್ಣೆಯಿರುವ ತಳದವರೆಗೂ ಹಾಯುವುದು. ಗಾಳಿ ಹೊರಹೋಗುವ ದಾರಿ ಸಾಲದಾದರೆ ಎಣ್ಣೆಯು ಸಂದುಗಳನ್ನು ಹುಡುಕಿಕೊಳ್ಳುವುದು ಸಹಜ. ಇನ್ನು ತಿರುಗುವ ದಂಡಕ್ಕೆ ಎರಡು ತುದಿಗಳಲ್ಲಿ ಮಾತ್ರ ಆಧಾರ. ಎ.ಜೆ.ಎಸ್. ಮತ್ತು ಮ್ಯಾಚ್‌ಲೆಸ್ ಯಂತ್ರಗಳಲ್ಲಿ ನಡುವೆ ಮೂರನೆಯ ಆಧಾರವನ್ನು ಕೊಟ್ಟರು; ಟ್ರಯಂಫಿನಲ್ಲಿಯೂ ನಾರ್ಟನಿನಲ್ಲಿಯೂ ಕೊಡಲಿಲ್ಲ.

498 ಸಿ.ಸಿ. ಯಂತ್ರವು ಮಿತವಾದ ವೇಗದಲ್ಲಿ ತಿರುಗುತ್ತಿದ್ದಾಗ ಇವೆಲ್ಲ ಸಹಿಸತಕ್ಕವೇ ಆಗಿದ್ದುವು. ಆದರೆ ಅದುರುವ ಬಲಕ್ಕೆ ಒಂದು ನಿಯಮವುಂಟು: ತಿರುಗುವ ವೇಗ ಇಮ್ಮಡಿಯಾದರೆ ಬಲವು ನಾಲ್ಮಡಿಯಾಗುವುದು. ಕೊಳ್ಳುವವರು ಹೆಚ್ಚು ಶಕ್ತಿಯನ್ನು ಬೇಡಿದರು. ಕಂಪೆನಿಯು ಅದೇ ರಚನೆಯನ್ನು 1949ರಲ್ಲಿ 649 ಸಿ.ಸಿ.ಗೆ ಹಿಗ್ಗಿಸಿತು. 1959ರ ‘ಬಾನೆವಿಲ್’ ವಾಹನದಲ್ಲಿ ಎರಡು ಕಾರ್ಬುರೇಟರುಗಳನ್ನೇ ಇಟ್ಟಿತು. ಇಲ್ಲಿ ವಾಚಕರು ಸ್ವಲ್ಪ ನಿಲ್ಲಬೇಕು. ಒಂದೇ ಕಾರ್ಬುರೇಟರು ಸಾಕೆಂಬುದು ಮೊದಲ ರಚನೆಯ ಕಾರಣಗಳಲ್ಲೊಂದಾಗಿತ್ತಷ್ಟೆ? ಕಾರಣವು ಹೊರಟುಹೋಯಿತು, ಕಾರ್ಯವು ಮಾತ್ರ ಉಳಿಯಿತು! 1973ರಲ್ಲಿ ಅದು 744 ಸಿ.ಸಿ.ಗೆ ಬೆಳೆಯಿತು. ನಾರ್ಟನಿನವರ 497 ಸಿ.ಸಿ. ಯಂತ್ರವು ಅದೇ ವರ್ಷ 828 ಸಿ.ಸಿ.ಯನ್ನು ಮುಟ್ಟಿತು. ಅವರು ಅದಕ್ಕೆ ಮುಂಚೆಯೇ, 1967ರ ‘ಕಮ್ಯಾಂಡೋ’ ವಾಹನದಲ್ಲಿ, ಯಂತ್ರವನ್ನೂ ಹಿಂದಿನ ಚಕ್ರದ ತೋಳನ್ನೂ ಒಟ್ಟಾಗಿ ರಬ್ಬರಿನ ಮೇಲೆ ಕೂರಿಸಿ, ನಡುಕವು ಸವಾರನನ್ನು ಮುಟ್ಟದಂತೆ ಮಾಡಿದ್ದರು. ಉಪಾಯವು ಜಾಣತನದ್ದೇ, ಸವಾರನಿಗೆ ಸುಖವೂ ಆಯಿತು. ಆದರೆ ಅದು ಸೋರುವ ಮಾಡಿನ ಕೆಳಗೆ ಒಳ್ಳೆಯ ಪಾತ್ರೆಯನ್ನಿಟ್ಟಂತೆ.

1969ರಲ್ಲಿ ಹೋಂಡಾ ಕಂಪೆನಿಯ 750 ಸಿ.ಸಿ. ವಾಹನವು ಮಾರುಕಟ್ಟೆಗೆ ಬಂದಿತು. ಅದಕ್ಕೆ ನಾಲ್ಕು ಸಿಲಿಂಡರುಗಳು: ಎರಡು ಏರುವಾಗ ಎರಡು ಇಳಿಯುವುವು. ಪೆಟ್ಟಿಗೆಯನ್ನು ಎಡಬಲವಾಗಿ ಸೀಳದೆ ಮೇಲುಕೆಳಗಾಗಿ ಕೂಡಿಸಿದ್ದರು. ಗುಂಡಿಯೊತ್ತಿದರೆ ಯಂತ್ರ ಹೊರಡುತ್ತಿತ್ತು. ಅನಂತರದ ಕಥೆ ದುಃಖದ್ದು. 1973ರಲ್ಲಿ ಟ್ರಯಂಫಿನ ಮೆರಿಡೆನ್ ಕಾರ್ಖಾನೆಯನ್ನು ಮುಚ್ಚುವುದಾಗಿ ಒಡೆಯರು ಸಾರಿದಾಗ ಕೆಲಸಗಾರರು ಒಪ್ಪದೆ ಅದನ್ನು ವಶಮಾಡಿಕೊಂಡು ಕುಳಿತರು. 1975ರಲ್ಲಿ ಅದನ್ನು ಸಹಕಾರ ಸಂಘವಾಗಿ ನಡೆಯಿಸತೊಡಗಿದರು. ಅವರ ಕೈಯಲ್ಲಿದ್ದುದು ಮುಖ್ಯವಾಗಿ ಆ ಹಳೆಯ ಜೋಡಿ ಸಿಲಿಂಡರಿನ ಯಂತ್ರವೇ. 1983ರಲ್ಲಿ ಬಾಗಿಲು ಮುಚ್ಚಿತು. ನಡುಕವೊಂದೇ ಈ ಪತನಕ್ಕೆ ಕಾರಣವೆಂದರೆ ನ್ಯಾಯವಾಗದು. ಹೊಸ ಉಪಕರಣಗಳಿಗೆ ಹಣ ಹಾಕಲು ಹಿಂದೆಗೆದುದು, ಆಡಳಿತದವರ ಗೊಂದಲ, ಇವೂ ಸೇರಿದುವು. ಆದರೆ ಇವೆಲ್ಲವೂ ‘ಇದ್ದುದು ನಡೆಯುತ್ತಿದೆಯಲ್ಲ’ ಎಂಬ ಒಂದೇ ಬೇರಿನ ಕೊಂಬೆಗಳು. ಅದರ ಫಲವನ್ನು ಉಂಡವರು ಕೂಲಿಯ ಮೇಲೆ ಮನೆ ನಡೆಯಿಸುತ್ತಿದ್ದ ಸಂಸಾರಿಗಳು.

ಜೋಡಿ ಸಿಲಿಂಡರಿನ ಯಂತ್ರವೇ ಕೆಟ್ಟದ್ದೆಂದು ಇದರಿಂದ ತಿಳಿಯಬಾರದು. 2018ರಲ್ಲಿ ನಮ್ಮ ದೇಶದ ರಾಯಲ್ ಎನ್‌ಫೀಲ್ಡ್ ಕಂಪೆನಿಯು 648 ಸಿ.ಸಿ. ಜೋಡಿ ಯಂತ್ರವನ್ನು ಹೊರತಂದಿತು. ಅದರಲ್ಲಿ ಪಿಸ್ಟನ್ನುಗಳು ಒಟ್ಟಿಗೂ ಇಲ್ಲ, ಪೂರ್ಣ ವಿರೋಧವಾಗಿಯೂ ಇಲ್ಲ. 270 ಅಂಶಗಳ ಅಂತರದಲ್ಲಿವೆ. ಒಂದು ತುದಿಯನ್ನು ಮುಟ್ಟಿ ಕ್ಷಣ ನಿಂತಾಗ ಇನ್ನೊಂದು ಭರದಿಂದ ಓಡುತ್ತಿರುವುದು. ಉಳಿದ ಅದುರನ್ನು ಅಡಗಿಸಲು ಪ್ರತಿತೂಕದ ಬೇರೊಂದು ದಂಡವುಂಟು. ಉರಿಯುವ ಸರದಿ ಸಮಕಾಲದಲ್ಲಿಲ್ಲದಿದ್ದರೂ ಈಗ ತೊಂದರೆಯಿಲ್ಲ. ಕಿಡಿಯನ್ನೂ ಪೆಟ್ರೋಲನ್ನೂ ವಿದ್ಯುತ್ ಸಾಧನವೇ ಲೆಕ್ಕವಿಟ್ಟು ಕೊಡುವುದು.

ಹೀಗೆ, 1937ರಲ್ಲಿ ಟರ್ನರನು ಮಾಡಿದ ಆಯ್ಕೆಯು ಆಗ ಗುಣವೇ. ಕಾಲ ಬದಲಾದ ಮೇಲೆಯೂ ಅದನ್ನು ಪುನಃ ವಿಚಾರಿಸದೆ ಹಿಗ್ಗಿಸುತ್ತ ಹೋದುದೇ ದೋಷ. ನಮ್ಮ ಮನೆಗಳಲ್ಲಿಯೂ ಇಂತಹವು ಇಲ್ಲದಿಲ್ಲ. ಸೌದೆಯ ಹೊಗೆಗೆ ಹೆದರಿ ಹಿರಿಯರು ಅಡಿಗೆಮನೆಯನ್ನು ಹಿಂದಿನ ಮೂಲೆಗೆ ಹಾಕಿದರು. ಹೊಗೆಯಿಲ್ಲದ ಒಲೆ ಬಂದ ಮೇಲೆ ಕಟ್ಟಿದ ಮನೆಯಲ್ಲಿಯೂ ಅದೇ ಕತ್ತಲೆಯ ಮೂಲೆಯಲ್ಲಿ ಗೃಹಿಣಿಯು ಬೇಯಬೇಕೆ? ಹಿರಿಯರ ಏರ್ಪಾಡನ್ನು ಹಳಿಯುವುದೂ ಬೇಡ, ಕಣ್ಣುಮುಚ್ಚಿ ಅನುಸರಿಸುವುದೂ ಬೇಡ. ಅವರು ಯಾವ ಕಾರಣಕ್ಕಾಗಿ ಹಾಗೆ ಮಾಡಿದರೆಂಬುದನ್ನು ಮೊದಲು ತಿಳಿಯೋಣ; ಆ ಕಾರಣವು ಈಗಲೂ ಉಳಿದಿದೆಯೆ ಎಂದು ಆಮೇಲೆ ಕೇಳೋಣ.