ಮನೆಯ ಕಂಪ್ಯೂಟರಿಗೊಬ್ಬ ಗುಮಾಸ್ತ

ಮನೆಗೆ ಹೊಸದಾಗಿ ಕಂಪ್ಯೂಟರು ತಂದ ಗೃಹಸ್ಥನ ಸಂತೋಷ ಬಹಳ ದಿನ ನಿಲ್ಲುವುದಿಲ್ಲ. ಯಂತ್ರವೇನೋ ಬಂದಿತು; ಅದರೊಳಗೆ ಕುಳಿತು ಕೆಲಸ ಮಾಡಬೇಕಾದ ಗುಮಾಸ್ತ ಮಾತ್ರ ಬಂದಿಲ್ಲವೆಂಬುದು ಕೆಲವೇ ವಾರಗಳಲ್ಲಿ ತಿಳಿದುಹೋಗುತ್ತದೆ. ಪತ್ರ ಬರೆಯಲು, ಜಮಾಖರ್ಚು ಇಡಲು, ಮಗಳ ಶಾಲೆಯ ಪ್ರಬಂಧವನ್ನು ಅಂದವಾಗಿ ಅಚ್ಚುಮಾಡಲು ಬೇಕಾದ ‘ಆಫೀಸ್’ ತಂತ್ರಾಂಶವು ಎಷ್ಟೋ ವೇಳೆ ಮೊದಲ ತಿಂಗಳು ಬಿಟ್ಟಿಯಾಗಿ ಸೇವೆ ಮಾಡಿ, ಆಮೇಲೆ ಒಂದು ಬೆಳಗ್ಗೆ ‘ಅವಧಿ ಮುಗಿಯಿತು, ಹಣ ಸಲ್ಲಿಸಿರಿ’ ಎಂದು ಕೈಕಟ್ಟಿ ಕೂರುತ್ತದೆ. ಯಂತ್ರಕ್ಕೆ ತೆತ್ತ ಹಣದ ನೋವು ಆರುವ ಮೊದಲೇ ಎರಡನೆಯ ಬಿಲ್ಲು!

ಇಂಥ ಸಮಯದಲ್ಲಿ ಗೃಹಸ್ಥನು ಕೇಳುವ ಪ್ರಶ್ನೆ ಒಂದೇ: ‘ಎಲ್ಲಕ್ಕಿಂತ ಅಗ್ಗವಾದದ್ದು ಯಾವುದು?’ ಪ್ರಶ್ನೆ ಸಹಜವೇ. ಆದರೆ ಅದು ಅರ್ಧ ಪ್ರಶ್ನೆ. ‘ಇದರಲ್ಲಿ ಬರೆದಿಟ್ಟದ್ದು ಹತ್ತು ವರ್ಷಗಳ ಮೇಲೆ ನನ್ನ ಕೈಗೆ ಸಿಕ್ಕೀತೆ?’ ಎಂಬುದು ಉಳಿದರ್ಧ. ಗುಮಾಸ್ತನ ಸಂಬಳವನ್ನಷ್ಟೇ ವಿಚಾರಿಸಿ, ಅವನು ಕಡತಗಳನ್ನು ಎಲ್ಲಿ ಇಡುತ್ತಾನೆ, ಯಾವ ರೀತಿಯಲ್ಲಿ ಬರೆಯುತ್ತಾನೆ ಎಂಬುದನ್ನು ವಿಚಾರಿಸದ ಯಜಮಾನನು ಕೊನೆಗೆ ನಷ್ಟಕ್ಕೆ ಗುರಿಯಾಗುತ್ತಾನೆ.

ಮನೆಗೆ ಬೇಕಾದದ್ದೆಷ್ಟು?

ಮೊದಲು ಮನೆಯ ಅಗತ್ಯವನ್ನು ಅಳೆಯಬೇಕು. ‘ವರ್ಡ್‌ಸ್ಟಾರ್’ ಎಂಬ ಬರವಣಿಗೆಯ ತಂತ್ರಾಂಶ ಹೊರಬಂದದ್ದು 1978ರಲ್ಲಿ. ಮರುವರ್ಷ, 1979ರಲ್ಲಿ, ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ಎಂಬ ಅಮೆರಿಕದ ಇಬ್ಬರು ತರುಣರು ‘ವಿಸಿಕ್ಯಾಲ್ಕ್’ ಎಂಬ ಲೆಕ್ಕದ ಹಾಳೆಯನ್ನು ಹೊರತಂದರು. ಒಂದು ಮನೆಯಲ್ಲಿ ಅಂಕಿಯನ್ನು ತಿದ್ದಿದರೆ ಮೊತ್ತವೆಲ್ಲ ತಾನಾಗಿ ತಿದ್ದಿಕೊಳ್ಳುವ ಆ ಹಾಳೆಯನ್ನು ಕಂಡು ವ್ಯಾಪಾರಸ್ಥರು ಬೆರಗಾದರು. ಅದಕ್ಕಾಗಿಯೇ ಕಂಪ್ಯೂಟರು ಕೊಂಡವರೂ ಉಂಟು. ಅಂದಿನಿಂದ ಇಂದಿನವರೆಗೆ ಮನೆಯ ಕೆಲಸದ ಮುಖ್ಯಭಾಗ ಈ ಎರಡೇ: ಬರವಣಿಗೆ ಮತ್ತು ಲೆಕ್ಕ. ಸಭೆಯಲ್ಲಿ ಚಿತ್ರಪಟಗಳನ್ನು ತೋರಿಸುವ ಸೌಕರ್ಯವು ಮಕ್ಕಳ ಶಾಲೆಗಾಗಿ ಆಗೊಮ್ಮೆ ಈಗೊಮ್ಮೆ ಬೇಕಾದೀತು. ದೊಡ್ಡ ಕಚೇರಿಗಳಿಗೆಂದು ಸೇರಿಸಿದ ನೂರಾರು ಉಪಕರಣಗಳನ್ನು ಸಾಮಾನ್ಯ ಸಂಸಾರವು ಒಮ್ಮೆಯೂ ಮುಟ್ಟುವುದಿಲ್ಲ. ಮುಟ್ಟದ ಉಪಕರಣಕ್ಕೆ ವರ್ಷವರ್ಷವೂ ಹಣ ತೆರುವುದು ಗೃಹಕೃತ್ಯದ ಜಾಣತನವಲ್ಲ.

ಕಳ್ಳಪ್ರತಿಯ ಆಸೆ

‘ಇದಕ್ಕೇಕೆ ಇಷ್ಟು ಯೋಚನೆ? ಗೊತ್ತಿರುವ ಹುಡುಗನೊಬ್ಬನಿದ್ದಾನೆ, ಐದು ನಿಮಿಷದಲ್ಲಿ ಹಾಕಿಕೊಟ್ಟುಬಿಡುತ್ತಾನೆ’ ಎನ್ನುವ ನೆಂಟರು ಪ್ರತಿ ಊರಿನಲ್ಲಿಯೂ ಇದ್ದಾರೆ. ಪರಾಯರ ಸೊತ್ತನ್ನು ಹೀಗೆ ಬಳಸುವುದು ನ್ಯಾಯವಲ್ಲವೆಂಬುದಿರಲಿ, ಕಾನೂನೂ ಅದನ್ನು ಸುಮ್ಮನೆ ಬಿಟ್ಟಿಲ್ಲ. 1957ರ ಭಾರತದ ಕೃತಿಸ್ವಾಮ್ಯ ಕಾಯಿದೆಯ 63-ಬಿ ಕಲಮಿನ ಪ್ರಕಾರ, ಕಂಪ್ಯೂಟರು ತಂತ್ರಾಂಶದ ಕಳ್ಳಪ್ರತಿಯನ್ನು ತಿಳಿದೂ ತಿಳಿದೂ ಬಳಸಿದವನಿಗೆ 7 ದಿನಗಳಿಗೆ ಕಡಿಮೆಯಿಲ್ಲದಂತೆ 3 ವರ್ಷಗಳವರೆಗೆ ಸೆರೆವಾಸವನ್ನೂ, 50,000 ರೂಪಾಯಿಗಳಿಂದ 2 ಲಕ್ಷ ರೂಪಾಯಿಗಳವರೆಗೆ ದಂಡವನ್ನೂ ವಿಧಿಸಬಹುದು. ಲಾಭಕ್ಕಾಗಿ ಅಥವಾ ವ್ಯಾಪಾರಕ್ಕಾಗಿ ಬಳಸಿದ್ದಲ್ಲವಾದರೆ ನ್ಯಾಯಾಲಯವು ಸೆರೆವಾಸವನ್ನು ಬಿಟ್ಟು 50,000 ರೂಪಾಯಿಗಳನ್ನು ಮೀರದ ದಂಡವನ್ನಷ್ಟೇ ಹಾಕಲೂಬಹುದು.

ಕಾನೂನಿಗಿಂತಲೂ ಹತ್ತಿರದ ಅಪಾಯ ಇನ್ನೊಂದುಂಟು. ಬೀಗ ಒಡೆದು ತಂದ ತಂತ್ರಾಂಶದೊಂದಿಗೆ ಕದಿಯುವ ತಂತ್ರಾಂಶವೂ ಒಳನುಗ್ಗಬಹುದು. ಬ್ಯಾಂಕಿನ ವ್ಯವಹಾರವೂ ಅದೇ ಯಂತ್ರದಲ್ಲಿ ನಡೆಯುವ ಮನೆಗಳಲ್ಲಿ ಇದು ಸಣ್ಣ ಮಾತಲ್ಲ. ನಂಬಲಾಗದಷ್ಟು ಅಗ್ಗಕ್ಕೆ ‘ಆಜೀವ ಲೈಸೆನ್ಸು’ ಎಂದು ಮಾರುವ ಕೀಲಿಸಂಖ್ಯೆಗಳೂ ಪರೀಕ್ಷಿಸತಕ್ಕವೇ. ದೊಡ್ಡ ಸಂಸ್ಥೆಗಳಿಗೆಂದು ಕೊಟ್ಟ ಕೀಲಿಗಳನ್ನು ಬಿಡಿಬಿಡಿಯಾಗಿ ಮಾರುವುದುಂಟು. ಮೂಲದ ಕಂಪೆನಿಯು ಅದನ್ನು ರದ್ದುಮಾಡಿದ ದಿನ ಆ ‘ಆಜೀವ’ವು ಮುಗಿಯುತ್ತದೆ.

ಕೊಳ್ಳುವುದೋ, ಬಾಡಿಗೆಯೋ?

ನ್ಯಾಯವಾಗಿ ಹಣ ತೆತ್ತೇ ಪಡೆಯುವವರಿಗೆ ಎರಡು ದಾರಿಗಳಿವೆ. ಮೈಕ್ರೋಸಾಫ್ಟ್ ಕಂಪೆನಿಯ ‘ಆಫೀಸ್’ ಅನ್ನು ಒಮ್ಮೆಗೇ ಬೆಲೆ ಕೊಟ್ಟು ಕೊಳ್ಳಬಹುದು. ಇಲ್ಲವೇ ‘ಮೈಕ್ರೋಸಾಫ್ಟ್ 365’ ಎಂಬ ಹೆಸರಿನಲ್ಲಿ ವರ್ಷದ ಚಂದಾ ಕಟ್ಟಬಹುದು. ಕೊಂಡದ್ದೂ ಶಾಶ್ವತವೆಂದು ಭಾವಿಸಬೇಕಾಗಿಲ್ಲ: 2016 ಮತ್ತು 2019ರ ಆವೃತ್ತಿಗಳಿಗೆ ಕಂಪೆನಿಯ ಬೆಂಬಲವು 2025ರ ಅಕ್ಟೋಬರ್ 14ರಂದು ನಿಂತುಹೋಯಿತು. ಅವು ಇನ್ನೂ ನಡೆಯುತ್ತವೆ. ಆದರೆ ಹೊಸದಾಗಿ ಕಂಡುಬಂದ ಬಿರುಕುಗಳನ್ನು ಮುಚ್ಚುವವರಿಲ್ಲ. ಚಂದಾ ನಿಂತರೆ ಹಳೆಯ ಕಡತಗಳನ್ನು ಆ ತಂತ್ರಾಂಶದಲ್ಲಿ ತೆರೆದು ಓದಬಹುದೇ ಹೊರತು ತಿದ್ದಲು ಸಾಧ್ಯವಾಗದು. ಆರು ಜನರವರೆಗೆ ಹಂಚಿಕೊಳ್ಳಬಹುದಾದ ಕುಟುಂಬದ ಚಂದಾ ಉಂಟು. ಅಣ್ಣತಮ್ಮಂದಿರು ಕೂಡಿ ಕಟ್ಟಿದರೆ ತಲೆಗೆ ಬೀಳುವ ಭಾರ ಕಡಿಮೆಯಾಗುತ್ತದೆ.

ಸಂಬಳ ಕೇಳದ ಗುಮಾಸ್ತ

ಬೆಲೆಯ ಭಾರವು ಬಡವರನ್ನಷ್ಟೇ ಬಾಧಿಸುವುದೆಂದು ತಿಳಿಯಬಾರದು. ಜರ್ಮನಿಯಲ್ಲಿ ಮಾರ್ಕೊ ಬೋರಿಸ್ ಎಂಬ ಹುಡುಗನು 1985ರಲ್ಲಿ, ಹದಿನಾರರ ವಯಸ್ಸಿನಲ್ಲಿ, ಬರವಣಿಗೆಯ ತಂತ್ರಾಂಶವೊಂದನ್ನು ರಚಿಸಿ ಒಂದು ಕಂಪೆನಿಯನ್ನೇ ಕಟ್ಟಿದನು. ಮುಂದೆ ಅದು ‘ಸ್ಟಾರ್‌ಆಫೀಸ್’ ಆಗಿ ಬೆಳೆಯಿತು. 1999ರಲ್ಲಿ ಅಮೆರಿಕದ ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯು ಆ ಕಂಪೆನಿಯನ್ನು ಕೊಂಡಿತು. ಕಾರಣವೇನೆಂಬುದನ್ನು ಸನ್ನಿನ ಅಧಿಕಾರಿಯೊಬ್ಬರು ಆಮೇಲೆ ಹೇಳಿದ್ದುಂಟು: ತಮ್ಮ ಸುಮಾರು 42,000 ನೌಕರರಿಗೆ ಮೈಕ್ರೋಸಾಫ್ಟಿನ ಲೈಸೆನ್ಸುಗಳನ್ನು ಕೊಳ್ಳುವುದಕ್ಕಿಂತ, ಅಂಥ ತಂತ್ರಾಂಶ ಮಾಡುವ ಕಂಪೆನಿಯನ್ನೇ ಕೊಳ್ಳುವುದು ಅಗ್ಗವಾಗಿತ್ತಂತೆ!

ಸನ್ ಅದರ ಒಳಗುಟ್ಟನ್ನು 2000ದಲ್ಲಿ ಲೋಕಕ್ಕೆ ಬಿಚ್ಚಿಟ್ಟಿತು. 2002ರಲ್ಲಿ ‘ಓಪನ್‌ಆಫೀಸ್’ ಮೊದಲ ಆವೃತ್ತಿ ಹೊರಬಂದಿತು. 2010ರಲ್ಲಿ ಸನ್ ಸಂಸ್ಥೆಯು ಒರಾಕಲ್ ಕಂಪೆನಿಯ ಕೈಸೇರಿದಾಗ ಕೆಲಸಗಾರರಲ್ಲಿ ಅನೇಕರು ಬೇರೆಯಾಗಿ ‘ಡಾಕ್ಯುಮೆಂಟ್ ಫೌಂಡೇಶನ್’ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಅದೇ ಬುನಾದಿಯ ಮೇಲೆ ಅವರು ಬೆಳೆಸಿದ್ದು ‘ಲಿಬ್ರೆಆಫೀಸ್’. ಹಳೆಯ ಓಪನ್‌ಆಫೀಸ್ ಇನ್ನೂ ದೊರೆಯುತ್ತದೆಯಾದರೂ, ಹೊಸದಾಗಿ ಆರಂಭಿಸುವವರು ಚುರುಕಾಗಿ ಬೆಳೆಯುತ್ತಿರುವ ಲಿಬ್ರೆಆಫೀಸನ್ನೇ ಆರಿಸುವುದು ಲೇಸು. ಬರವಣಿಗೆ, ಲೆಕ್ಕದ ಹಾಳೆ, ಚಿತ್ರಪ್ರದರ್ಶನ ಮೂರೂ ಅದರಲ್ಲಿವೆ. ಆಜ್ಞೆಗಳನ್ನು ಕನ್ನಡದಲ್ಲಿಯೂ ತೋರಿಸುವಂತೆ ಮಾಡಿಕೊಳ್ಳಬಹುದು. ಬೆಲೆಯಿಲ್ಲ, ಅವಧಿಯಿಲ್ಲ, ಎಷ್ಟು ಯಂತ್ರಗಳಿಗೆ ಹಾಕಿದರೂ ಅಪರಾಧವಿಲ್ಲ. ಸಂಸ್ಥೆಯ ಸ್ವಂತ ತಾಣದಿಂದಲೇ ಇಳಿಸಿಕೊಳ್ಳಬೇಕೆಂಬುದು ಮಾತ್ರ ನೆನಪಿರಲಿ.

ಅಂತರಜಾಲದ ಸಂಪರ್ಕ ಸದಾ ಇರುವ ಮನೆಗಳಿಗೆ ಇನ್ನೊಂದು ಅನುಕೂಲವುಂಟು. 2006ರಿಂದ ನಡೆದುಬಂದ ಗೂಗಲ್ ಸಂಸ್ಥೆಯ ‘ಡಾಕ್ಸ್’, ಮೈಕ್ರೋಸಾಫ್ಟಿನದೇ ಅಂತರಜಾಲದ ಆಫೀಸ್ ಇವೆರಡೂ ಸಾಮಾನ್ಯ ಬಳಕೆಗೆ ಹಣ ಕೇಳುವುದಿಲ್ಲ. ಬೆಂಗಳೂರಿನ ಮಗ, ಧಾರವಾಡದ ತಂದೆ ಒಂದೇ ಹಾಳೆಯನ್ನು ಒಂದೇ ಕಾಲಕ್ಕೆ ತಿದ್ದಬಹುದು. ಆದರೆ ಇಲ್ಲಿ ಕಡತಗಳಿರುವುದು ಪರಾಯರ ಉಗ್ರಾಣದಲ್ಲಿ. ಗುಪ್ತಪದವನ್ನು ಮರೆತು ಖಾತೆ ಕೈತಪ್ಪಿದರೆ ಕಡತಗಳೂ ಕೈತಪ್ಪಿಯಾವು. ಒಂದು ಪ್ರತಿಯನ್ನು ಮನೆಯಲ್ಲಿಯೂ ಇಟ್ಟುಕೊಳ್ಳುವುದು ವಿವೇಕ.

ಬರೆದದ್ದು ಉಳಿಯಬೇಕಾದರೆ

ಈಗ ಆ ಉಳಿದರ್ಧ ಪ್ರಶ್ನೆ. ಇದರ ಅನುಭವ ಕನ್ನಡಿಗರಿಗೆ ಇತರರಿಗಿಂತ ಕಹಿಯಾಗಿಯೇ ಆಗಿದೆ. 1998ರಲ್ಲಿ ಬಂದ ‘ಬರಹ’, ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ‘ನುಡಿ’ ಇವು ಕನ್ನಡವನ್ನು ಮನೆಮನೆಯ ಕಂಪ್ಯೂಟರಿಗೆ ತಂದ ಉಪಕಾರಿಗಳೆಂಬುದು ನಿರ್ವಿವಾದ. ಆದರೆ ಆ ಕಾಲದ ಕ್ರಮದಲ್ಲಿ ಯಂತ್ರದ ಪಾಲಿಗೆ ಕನ್ನಡವೆಂಬುದೇ ಇರಲಿಲ್ಲ. ಇಂಗ್ಲಿಷ್ ಅಕ್ಷರಗಳ ಸಂಕೇತಗಳಿಗೆ ಕನ್ನಡದ ವೇಷ ತೊಡಿಸಿ ತೆರೆಯ ಮೇಲೆ ತೋರಿಸುತ್ತಿದ್ದರು. ವೇಷ ತೊಡಿಸುವ ಆ ಫಾಂಟು ಇಲ್ಲದ ಯಂತ್ರದಲ್ಲಿ ಕಡತವನ್ನು ತೆರೆದರೆ ಕಾಣುವುದು ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು! ಹೀಗೆ ಮೂಕವಾಗಿ ಬಿದ್ದಿರುವ ಕಥೆ, ಕವಿತೆ, ಊರಿನ ಇತಿಹಾಸಗಳು ಎಷ್ಟೋ ಮನೆಗಳಲ್ಲಿವೆ. ಕಳೆದುಕೊಂಡದ್ದು ತಂತ್ರಾಂಶದ ಬೆಲೆಯಲ್ಲ. ಬರೆದವರ ವರ್ಷಗಳ ದುಡಿಮೆ.

ಇದಕ್ಕೆ ಪರಿಹಾರವೂ ಇದೆ. ಲೋಕದ ಲಿಪಿಗಳಿಗೆಲ್ಲ ಪ್ರತ್ಯೇಕ ಸಂಕೇತ ಕೊಡುವ ‘ಯೂನಿಕೋಡ್’ ಕ್ರಮದಲ್ಲಿ 1991ರ ಮೊದಲ ಆವೃತ್ತಿಯಿಂದಲೂ ಕನ್ನಡಕ್ಕೆ ಸ್ಥಾನವುಂಟು. 2001ರ ‘ವಿಂಡೋಸ್ ಎಕ್ಸ್‌ಪಿ’ಯಲ್ಲಿಯೇ ‘ತುಂಗಾ’ ಎಂಬ ಕನ್ನಡ ಫಾಂಟು ಸೇರಿತ್ತು. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿವಿನ್ಯಾಸದಲ್ಲಿ ಬೆರಳು ಪಳಗಿದವರು ಅದನ್ನು ಬಿಡಬೇಕಾಗಿಯೂ ಇಲ್ಲ. ಅದೇ ವಿನ್ಯಾಸದಿಂದ ಯೂನಿಕೋಡಿನಲ್ಲಿ ಬರೆಯಬಹುದು. ಹಳೆಯ ಕಡತಗಳನ್ನು ಹೊಸ ಕ್ರಮಕ್ಕೆ ತಿರುಗಿಸುವ ಪರಿವರ್ತಕಗಳು ಉಚಿತವಾಗಿ ದೊರೆಯುತ್ತವೆ. ಒತ್ತಕ್ಷರ, ಅರ್ಕಾವೊತ್ತುಗಳಲ್ಲಿ ತಪ್ಪು ನುಸುಳಬಹುದಾದ್ದರಿಂದ ಒಮ್ಮೆ ಕರಡು ತಿದ್ದಿದಂತೆ ಓದಿ ನೋಡಬೇಕು.

ಕಡತದ ನಮೂನೆಗೂ ಇದೇ ನ್ಯಾಯ. ಲಿಬ್ರೆಆಫೀಸ್ ಬಳಸುವ ‘ಓಪನ್ ಡಾಕ್ಯುಮೆಂಟ್’ ನಮೂನೆಯು 2006ರಲ್ಲಿ ಅಂತರರಾಷ್ಟ್ರೀಯ ಮಾನಕವಾಯಿತು. ಅದರ ರಚನೆಯ ವಿವರಗಳು ಬಹಿರಂಗವಾಗಿರುವುದರಿಂದ, ಇಂದಿನ ತಂತ್ರಾಂಶ ನಾಳೆ ಇಲ್ಲವಾದರೂ ಬೇರೊಂದು ಅದನ್ನು ಓದಬಲ್ಲದು.

ಯಾರಿಗೆ ಯಾವುದು?

ಉಚಿತವಾದದ್ದರಲ್ಲಿ ಕುಂದಿಲ್ಲವೆಂದಲ್ಲ. ಮೈಕ್ರೋಸಾಫ್ಟಿನ ವರ್ಡಿನಲ್ಲಿ ನಾಜೂಕಾಗಿ ಜೋಡಿಸಿದ ಪುಟವು ಲಿಬ್ರೆಆಫೀಸಿನಲ್ಲಿ ತೆರೆದಾಗ ಅಲ್ಲಲ್ಲಿ ಕದಲಬಹುದು. ಎಕ್ಸೆಲಿನಲ್ಲಿ ಬರೆದ ಸ್ವಯಂಚಾಲಿತ ಆಜ್ಞೆಗಳು ಎಲ್ಲವೂ ನಡೆಯಲಾರವು. ಕಚೇರಿಯ ಅಂಥ ಕೆಲಸವನ್ನು ಮನೆಗೆ ತರುವವರು, ಲೆಕ್ಕಪತ್ರವೇ ವೃತ್ತಿಯಾದವರು ಹಣ ತೆತ್ತೇ ಪಡೆಯುವುದು ಸರಿ. ಅವರ ಸಂಪಾದನೆಯೇ ಅದರ ವೆಚ್ಚವನ್ನು ಹೊರುತ್ತದೆ. ವಿದ್ಯಾರ್ಥಿಗಳಿರುವ ಮನೆಯವರು ಶಾಲೆ ಕಾಲೇಜಿನ ಮೂಲಕ ಏನಾದರೂ ದೊರೆಯುವುದೇ ಎಂದು ಮೊದಲು ವಿಚಾರಿಸಬೇಕು. ಕೆಲವು ವಿದ್ಯಾಸಂಸ್ಥೆಗಳು ಅದನ್ನು ಒದಗಿಸುತ್ತವೆ. ಉಳಿದವರು ಉಚಿತವಾದುದನ್ನು ಹಾಕಿಕೊಂಡು ಒಂದು ತಿಂಗಳು ತಮ್ಮ ನಿಜವಾದ ಕೆಲಸವನ್ನೇ ಅದರಲ್ಲಿ ಮಾಡಿ ನೋಡಲಿ. ಸಾಲದೆಂದು ಕಂಡಲ್ಲಿ ಆಗ ಕೊಂಡರಾಯಿತು. ಮೊದಲೇ ಕೊಂಡ ಮೇಲೆ ಸಾಕಾಗಿತ್ತೆಂದು ತಿಳಿದರೆ ಹಣ ಹಿಂದಿರುಗುವುದು ಕಷ್ಟ.

ಗುಮಾಸ್ತರು ಬರುತ್ತಾರೆ, ಹೋಗುತ್ತಾರೆ. ವರ್ಡ್‌ಸ್ಟಾರ್ ಹೋಯಿತು, ವಿಸಿಕ್ಯಾಲ್ಕ್ ಹೋಯಿತು. ಮನೆಯಲ್ಲಿ ಉಳಿಯಬೇಕಾದದ್ದು ಬರೆದಿಟ್ಟ ಕಾಗದಪತ್ರ. ಅದು ಮುಂದಿನ ತಲೆಮಾರಿನ ಯಾವ ಯಂತ್ರದಲ್ಲಿ ತೆರೆದರೂ ಕನ್ನಡವಾಗಿಯೇ ಕಾಣುವಂತೆ ಇಟ್ಟುಕೊಂಡವನದೇ ನಿಜವಾದ ಉಳಿತಾಯ.