ಆಟದ ಬಸ್ಸೂ ಹತ್ಯಾರದ ಗಂಟೂ

ಹಿಡಕಲ್ ಡ್ಯಾಮಿನ ಹುಡುಗರು ಮೊಬೈಲಿನಲ್ಲಿ ಬಸ್ಸು ಓಡಿಸುತ್ತ ಕೂತರೆ ಹಿರಿಯರು ಮೂಗು ಮುರಿಯುತ್ತಾರೆ. ನಾವು ಮುರಿಯುವವರಲ್ಲ. 2017ರಲ್ಲಿ ಬಂದ 'ಬಸ್ ಸಿಮ್ಯುಲೇಟರ್ ಇಂಡೋನೇಷಿಯಾ' ಎಂಬ ಆಟದಲ್ಲಿ ಹೊರಗಿನವರು ತಯಾರಿಸಿದ ಗಾಡಿಯನ್ನೂ ಸೇರಿಸಬಹುದು; ಇದಕ್ಕೆ 'ಮಾಡ್' ಎನ್ನುತ್ತಾರೆ. ಜಾವಾದ ರಸ್ತೆಯ ಮೇಲೆ ನಮ್ಮ ಸಾರಿಗೆಯ ಕೆಂಪು ಬಸ್ಸನ್ನು ಓಡಿಸಿದವರು, ಪಗಾರವಿಲ್ಲದೆ ರಾತ್ರಿ ಕೂತು ದುಡಿದ ಹುಡುಗರು.

ಇವರ ಹತ್ಯಾರ ಯಾರದು? ಗಿರಣಿಯಲ್ಲಿ ಯಂತ್ರ ಮಾಲಕನದು, ಬೆವರು ನಮ್ಮದು. ಇಲ್ಲಿ ಹಾಗಿಲ್ಲ. ಗಾಡಿಯ ಆಕಾರ ಕಟ್ಟಲು ಅನೇಕರು ಬಳಸುವ 'ಬ್ಲೆಂಡರ್' ತಂತ್ರಾಂಶದ ಹಿಂದಿನ ಡಚ್ ಕಂಪನಿ 2002ರಲ್ಲಿ ಮುಚ್ಚಿತು. ಆಗ ಬಳಕೆದಾರರೇ ಚಂದಾ ಎತ್ತಿದರು. ಏಳು ವಾರಗಳಲ್ಲಿ 1 ಲಕ್ಷ ಯೂರೋ ಕೂಡಿಸಿ ಅದನ್ನು ಬಿಡಿಸಿಕೊಂಡು ಸಾರ್ವಜನಿಕರಿಗೆ ತೆರೆದರು. ಸಂಪ್ ನಿಧಿ ಕೂಡಿಸಿದವರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಹತ್ಯಾರ ಸಾರ್ವಜನಿಕವಾದರೂ ಗಂಟು ಕಟ್ಟುವವರು ಕೆಟ್ಟರೆ ಫಲವೇನು? ನಮಗೆ ಬೇಕಾದ ಒಬ್ಬ ಗಿರಣಿ ಕಾರ್ಮಿಕರ ಮಗ ಬಸ್ಸು ಮಾಡುವ ಒಂದು ಉಪಕರಣವನ್ನು ಎಲ್ಲಿಂದಲೋ ಇಳಿಸಿಕೊಂಡ. ಗಂಟಿಗೆ ಗುಪ್ತಪದದ ಬೀಗ. ಮೂರು ಜಾಹೀರಾತು ನೋಡಿದ ಮೇಲೆ ಕೀಲಿ. ಒಳಗೆ ಒಂದು ಚೀಟಿ: ವೈರಸ್ ಕಾವಲನ್ನು ಆರಿಸಿ ಎಂದು. ಹುಡುಗ ನಂಬಿದ. ಕಂಪ್ಯೂಟರು ಅವನ ಸೋದರಮಾವನ ಕಿರಾಣಿ ಅಂಗಡಿಯದು. ಎರಡು ವರ್ಷದ ಉದ್ರಿ ಲೆಕ್ಕ ಹೋಯಿತು. ಮಾವ ಈಗ ಗಿರಾಕಿಗಳ ಬಾಯಿಮಾತಿನ ಮೇಲೆ ವಸೂಲಿ ಮಾಡುತ್ತಿದ್ದಾರೆ, ಪಾಪ.

ಗೋಕಾಕದ ಕರದಂಟಿನ ಡಬ್ಬಿಯ ಮೇಲೆ ಒಳಗೇನಿದೆ, ಎಂದು ಮಾಡಿದ್ದು, ಯಾರು ಮಾಡಿದ್ದು ಎಂದು ಬರೆದಿರುತ್ತದೆ. ಸಣ್ಣ ವ್ಯಾಪಾರಿಗೆ ಕಾನೂನು ಇಷ್ಟು ಕಡ್ಡಾಯ ಮಾಡಿದೆ. ಹತ್ಯಾರ ಹಂಚುವವರು ತಾವಾಗಿಯೇ ಇಷ್ಟು ಮಾಡಬಾರದೆ? ದಾರಿ ಈಗಾಗಲೇ ಇದೆ. 2024ರ ಬ್ಲೆಂಡರ್ 4.2ರಿಂದ ಈಚೆಗೆ ಇಂಥ ಉಪಕರಣದ ಜಿಪ್ ಗಂಟಿನೊಳಗೆ ಒಂದು ಪಟ್ಟಿ ಇಡುವ ಪದ್ಧತಿ ಬಂದಿದೆ: ಹೆಸರು, ಆವೃತ್ತಿ, ಯಾವ ಬ್ಲೆಂಡರಿನಿಂದ ಮೇಲೆ ನಡೆಯುತ್ತದೆ, ಪರವಾನಗಿ ಯಾವುದು. ಕಡತ ಮುಟ್ಟುವುದಿದ್ದರೆ, ಇಂಟರ್‌ನೆಟ್ಟಿಗೆ ಹೋಗುವುದಿದ್ದರೆ ಅದನ್ನೂ ಕಾರಣಸಹಿತ ಬರೆಯಬೇಕು. ಬೇಕಾದ ಉಪಭಾಗಗಳನ್ನು ಗಂಟಿನಲ್ಲೇ ಇಡಬಹುದು. ಹುಡುಗ ಊರೂರು ಅಲೆಯಬೇಕಿಲ್ಲ. ಪಟ್ಟಿ ಇದ್ದ ಮಾತ್ರಕ್ಕೆ ಕಳ್ಳ ಸಾಧುವಾಗುವುದಿಲ್ಲ, ನಿಜ. ಪರವಾನಗಿಯಂತೆ ಮೂಲ ಬರಹವೂ ತೆರೆದಿದ್ದರೆ ಬಲ್ಲವರು ನೋಡಿ ಹಿಡಿಯಬಹುದು.

ಇನ್ನು ರೊಕ್ಕದ ಮಾತು. ದುಡಿದವನು ಬಿಟ್ಟಿ ದುಡಿಯಲಿ ಎಂದು ನಾವು ಹೇಳುವುದಿಲ್ಲ. ಆದರೆ 2015ರ ಏಪ್ರಿಲ್‌ನಲ್ಲಿ 'ಸ್ಕೈರಿಮ್' ಆಟದ ಮಾಡ್‌ಗಳನ್ನು ಮಾರಾಟಕ್ಕಿಟ್ಟಾಗ ಮಾಡಿದವನಿಗೆ ಸಿಕ್ಕುವ ಪಾಲು ನೂರಕ್ಕೆ 25. ಉಳಿದ 75 ಅಂಗಡಿಯವನಿಗೂ ಆಟದ ಕಂಪನಿಗೂ. ಗದ್ದಲ ಎದ್ದು ಕೆಲವೇ ದಿನಗಳಲ್ಲಿ ಹಿಂತೆಗೆದುಕೊಂಡರು. ಅಂಥ ಪಾಲುಗಾರಿಕೆ ನಮ್ಮ ಹುಡುಗರಿಗೆ ಬೇಡ.

ಆ ಹುಡುಗ ಈಗ ತಾನೇ ಒಂದು ಉಪಕರಣ ಬರೆದು ಗಂಟು ಕಟ್ಟುತ್ತಿದ್ದಾನೆ. ಕನ್ನಡದ ಸೂಚನೆ ಬರೆಯಲು ನಾವು ಜೊತೆಗೆ ಕೂತಿದ್ದೇವೆ. 'ಅನ್‌ಇನ್‌ಸ್ಟಾಲ್' ಎಂಬಲ್ಲಿ 'ತೆಗೆದುಹಾಕು' ಎನ್ನಬೇಕೋ 'ಕಿತ್ತುಹಾಕು' ಎನ್ನಬೇಕೋ ಎಂಬ ತಕರಾರು ಮಾತ್ರ ಇನ್ನೂ ತೀರಿಲ್ಲ.