ಒಂದು ರಾತ್ರಿಯ ಆಟ, ಹನ್ನೆರಡು ತಿಂಗಳ ಶಾಲೆ

ಮಂಕಿಯ ಸುತ್ತಣ ಬಯಲುಗಳಲ್ಲಿ ಚೆಂಡೆಯ ಸದ್ದು ಕೇಳಿಬಂದರೆ ಜನರನ್ನು ಕರೆಯಲು ಬೇರೆ ಡಂಗುರ ಬೇಡ. ತೋಟದ ಒಡೆಯನೂ ದೋಣಿಯಿಂದ ಇಳಿದ ಮೀನುಗಾರನೂ ಶಾಲೆಯ ಮಾಸ್ತರರೂ ಒಂದೇ ಬಯಲಿನಲ್ಲಿ ಕುಳಿತು ಆಟ ನೋಡುತ್ತಾರೆ. ಇಂಥ ನಾಡಿನಲ್ಲಿ ಯಕ್ಷಗಾನಕ್ಕೆ ಹಣದ ಅಡಚಣೆಯೆಂದರೆ ಕೇಳಿದವರು ನಂಬಲಿಕ್ಕಿಲ್ಲ. ಆದರೂ ಈ ವಾರ ನಾವು ಆ ಮಾತನ್ನೇ ಎತ್ತಿಕೊಂಡಿದ್ದೇವೆ. ನಮ್ಮ ಜನರು ಕೊಡುವದಿಲ್ಲವೆಂಬುದು ನಮ್ಮ ದೂರಲ್ಲ. ಕೊಟ್ಟದ್ದೆಲ್ಲವೂ ಒಂದು ರಾತ್ರಿಯ ದೀಪಕ್ಕೆ ಸಲ್ಲುತ್ತದೆ, ಎಣ್ಣೆ ತೆಗೆಯುವ ಗಾಣಕ್ಕೆ ಏನೂ ಉಳಿಯುವದಿಲ್ಲ ಎಂಬುದೇ ನಮ್ಮ ದೂರು.

ಮಂಕಿಗೆ ನೆರೆಯದಾದ ಗುಣವಂತೆಯ ಕೆರೆಮನೆಯನ್ನು ನೋಡಿರಿ. ೧೯೩೪ರಲ್ಲಿ ದಿವಂಗತ ಕೆರೆಮನೆ ಶಿವರಾಮ ಹೆಗಡೆಯವರು ಶ್ರೀ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿಯನ್ನು ಸ್ಥಾಪಿಸಿದರು. ಆಡುವದರಷ್ಟೇ ಕಲಿಸುವದೂ ಅಗತ್ಯವೆಂದರಿತು ಅವರ ಸುಪುತ್ರರಾದ ಶಂಭು ಹೆಗಡೆಯವರು ೧೯೮೬ರಲ್ಲಿ ಶ್ರೀಮಯ ಯಕ್ಷಗಾನ ರಂಗಶಿಕ್ಷಣ ಕೇಂದ್ರವನ್ನು ತೆರೆದರು. ೨೦೦೯ರಲ್ಲಿ ಅವರು ಅಗಲಿದ ಮೇಲೆಯೂ ಮುಂದಿನ ತಲೆಮಾರು ಆ ಭಾರವನ್ನು ಹೊತ್ತು ನಡೆದಿದೆ. ೨೦೨೪ರಲ್ಲಿ ಮಂಡಳಿಗೆ ಯುನೆಸ್ಕೊ ಸಂಸ್ಥೆಯ ಮಾನ್ಯತೆ ದೊರೆತಾಗ ಹೊನ್ನಾವರ ತಾಲೂಕಿಗೆ ತಾಲೂಕೇ ಹಿಗ್ಗಿತು. ಆದರೆ ವಾಚಕರು ಒಂದು ಮಾತನ್ನು ಮರೆಯಬಾರದು: ಅಂಥ ಮಾನ್ಯತೆಯೊಡನೆ ಗೌರವ ಬರುತ್ತದೆ, ಅಕ್ಕಿಯ ಮೂಟೆ ಬರುವದಿಲ್ಲ.

ಯಕ್ಷಗಾನಕ್ಕೆ ಹಣ ಒದಗುವ ಹಳೆಯ ದಾರಿಗಳು ಮೂರು. ಹರಕೆ ಹೊತ್ತವನು ಆಡಿಸುವ ಆಟ ಒಂದು. ಊರವರು ವಂತಿಗೆ ಕೂಡಿಸಿ ಆಡಿಸುವ ಬಯಲಾಟ ಎರಡನೆಯದು. ಡೇರೆ ಹಾಕಿ ಟಿಕೇಟು ಮಾರುವ ಆಟ ಮೂರನೆಯದು. ಇವುಗಳಲ್ಲಿ ಹರಕೆಯ ಬಲವೇ ಹಿರಿದು. ಮಂದಾರ್ತಿ, ಕಟೀಲು ಕ್ಷೇತ್ರಗಳ ಮೇಳಗಳಿಂದ ಒಂದು ಆಟ ಆಡಿಸಬೇಕೆಂದರೆ ಭಕ್ತರು ವರ್ಷಗಟ್ಟಲೆ ಸರದಿ ಕಾಯುತ್ತಾರೆ. ಆದರೆ ಈ ಮೂರು ದಾರಿಗಳೂ ಆಟದ ರಾತ್ರಿಗೆ ಬಂದು ನಿಲ್ಲುತ್ತವೆ. ತನ್ನ ಮಗನ ಕಾಯಿಲೆ ಗುಣವಾದರೆ ಒಬ್ಬ ಬಡ ಹುಡುಗನಿಗೆ ಎರಡು ವರ್ಷ ಮದ್ದಳೆ ಕಲಿಸುವೆನೆಂದು ಹರಕೆ ಹೊತ್ತವರನ್ನು ನಾವು ಇದುವರೆಗೆ ಕಂಡಿಲ್ಲ. ಗುರುಗಳ ಸಂಬಳ, ವಿದ್ಯಾರ್ಥಿಗಳ ಊಟ, ಕಿರೀಟ-ಭುಜಕೀರ್ತಿಗಳ ದುರಸ್ತಿ, ಮಳೆಗಾಲದಲ್ಲಿ ಸಂಪಾದನೆಯಿಲ್ಲದ ಕಲಾವಿದನ ಮನೆವಾರ್ತೆ, ಇವು ರಂಗಸ್ಥಳದ ಬೆಳಕಿಗೆ ಬೀಳದ ವೆಚ್ಚಗಳು. ಕಾಣದ ವೆಚ್ಚಕ್ಕೆ ದಾನಿಯೂ ಕಾಣಿಸಿಕೊಳ್ಳುವದಿಲ್ಲ.

ಹಾಗಾದರೆ ಸರಕಾರವಿದೆಯಲ್ಲ ಎಂದು ಕೆಲವರು ಹೇಳುವರು. ಗುರು-ಶಿಷ್ಯ ಪರಂಪರೆಯನ್ನು ಉಳಿಸಲು ಕೇಂದ್ರ ಸರಕಾರದ ಅನುದಾನ ಉಂಟು. ರಾಜ್ಯದಲ್ಲಿ ಯಕ್ಷಗಾನ ಅಕಾಡೆಮಿಯೂ ಉಂಟು. ಅವನ್ನು ಕೇಳಿ ಪಡೆಯುವದು ಸಂಸ್ಥೆಗಳ ಹಕ್ಕೇ ಸರಿ. ಆದರೆ ಅನುದಾನದ ಹಣ ಕೈಸೇರುವ ದಿನ ಸಂಸ್ಥೆಯ ಅಂಕೆಯಲ್ಲಿಲ್ಲ. ಹುಡುಗರ ಹಸಿವೆಗೋ ದಿನಕ್ಕೆ ಎರಡು ಹೊತ್ತು. ಇನ್ನು ಕೆಲವರು ಕಂಪನಿಗಳತ್ತ ಬೆರಳು ತೋರಿಸುವರು. ೨೦೧೩ರ ಕಂಪನಿ ಕಾಯದೆಯ ಮೇರೆಗೆ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ನೂರಕ್ಕೆ ೨ರಷ್ಟನ್ನು ಸಮಾಜಕಾರ್ಯಕ್ಕೆ ವೆಚ್ಚಮಾಡಬೇಕು. ಸಾಂಪ್ರದಾಯಿಕ ಕಲೆಗಳೂ ಆ ಕಾರ್ಯಗಳ ಪಟ್ಟಿಯಲ್ಲಿವೆ. ಆದರೆ ತಾವು ವ್ಯವಹಾರ ನಡೆಸುವ ಪ್ರದೇಶಕ್ಕೆ ಅವು ಆದ್ಯತೆ ಕೊಡಬೇಕೆಂದೂ ಅದೇ ಕಾಯದೆ ಹೇಳುತ್ತದೆ. ತೆಂಗು, ಅಡಕೆ, ಮೀನುಗಳನ್ನು ನಂಬಿದ ನಮ್ಮ ಕರಾವಳಿಗೆ ಆ ಹೊಳೆಯ ನೀರು ಎಷ್ಟು ಹರಿದೀತು?

ಒಂದೇ ಆಧಾರವನ್ನು ನಂಬಿದವರ ಪಾಡೇನೆಂಬುದನ್ನು ೨೦೨೦ರ ಮಾರ್ಚಿನಲ್ಲಿ ನಾವೆಲ್ಲರೂ ಕಂಡೆವು. ಸಾಂಕ್ರಾಮಿಕದ ದೆಸೆಯಿಂದ ತಿರುಗಾಟ ನಡುವಿನಲ್ಲಿಯೇ ನಿಂತಿತು. ಆಟ ನಿಂತಿತು, ಆಟದ ಸಂಭಾವನೆಯೂ ನಿಂತಿತು. ಗೆಜ್ಜೆ ಬಿಚ್ಚಿಟ್ಟ ಕಲಾವಿದರು ಕೂಲಿ ಹುಡುಕಿಕೊಂಡು ಹೊರಟರು.

ಆದುದರಿಂದ ನಮ್ಮ ಸಲಹೆ ಇಷ್ಟು. ಕಲಿಸುವ ಸಂಸ್ಥೆಗಳಿಗೆ ಕೆಲವರ ದೊಡ್ಡ ದಾನಕ್ಕಿಂತ ಹಲವರ ಸಣ್ಣ ವರ್ಗಣಿಯೇ ಬುನಾದಿಯಾಗಬೇಕು. ಲೆಕ್ಕ ಹಾಕಿ ನೋಡಿರಿ. ಮಂಕಿ, ಗುಣವಂತೆ, ಇಡಗುಂಜಿಗಳ ಸುತ್ತಿನ ೫೦೦ ಮನೆಗಳು ತಿಂಗಳಿಗೆ ೫೦ ರೂಪಾಯಿಯಂತೆ ಕೊಟ್ಟರೆ ವರ್ಷಕ್ಕೆ ೩ ಲಕ್ಷವಾಯಿತು. ಅದೇ ೩ ಲಕ್ಷವನ್ನು ಒಬ್ಬನೇ ಧನಿಕನು ಕೊಡುತ್ತಿದ್ದು, ಒಂದು ವರ್ಷ ಅವನ ಮನಸ್ಸು ತಿರುಗಿದರೆ ಶಾಲೆಗೆ ಬೀಗ ಬಿದ್ದಂತೆಯೇ. ೫೦೦ರಲ್ಲಿ ೫೦ ಮನೆಯವರು ತಪ್ಪಿದರೆ ಹತ್ತರಲ್ಲೊಂದು ಪಾಲು ಕಡಿಮೆಯಾದೀತು, ಅಷ್ಟೆ. ಧನಿಕರ ದಾನ ಬೇಡವೆಂದಲ್ಲ. ಅದನ್ನು ಮೂಲಧನವಾಗಿ ಇಡಬೇಕು, ಅದರ ಬಡ್ಡಿಯನ್ನು ಮಾತ್ರ ಬಳಸಬೇಕು. ಹನಿಗೂಡಿದರೆ ಹಳ್ಳವೆಂಬ ಮಾತು ಬರಿಯ ಗಾದೆಯಲ್ಲ. ಲೋಕಮಾನ್ಯ ಟಿಳಕರ ಬೆಂಬಲ ಪಡೆದಿದ್ದ ಪೈಸಾ ಫಂಡಿನಿಂದ ತಳೆಗಾವಿಯಲ್ಲಿ ಗಾಜಿನ ಕಾರಖಾನೆಯೇ ಎದ್ದಿತಲ್ಲವೆ! ಘಟ್ಟದ ಮೇಲೆ ಹೆಗ್ಗೋಡಿನಲ್ಲಿ ೧೯೪೯ರಲ್ಲಿ ಹುಟ್ಟಿದ ನೀನಾಸಮ್ ಸಂಸ್ಥೆಗೂ ಒಂದು ಕಾಲಕ್ಕೆ ಫೋರ್ಡ ಪ್ರತಿಷ್ಠಾನದ ನೆರವು ದೊರೆತದ್ದುಂಟು. ಆ ನೆರವಿನ ಅವಧಿ ಮುಗಿದ ಮೇಲೆಯೂ ಸಂಸ್ಥೆ ನಿಂತದ್ದು, ಅದರ ತಿರುಗಾಟದ ನಾಟಕಗಳನ್ನು ಊರೂರಿನ ಜನರು ತಮ್ಮದೆಂದು ಕರೆಯಿಸಿಕೊಂಡದ್ದರಿಂದ.

ದೂರದಲ್ಲಿರುವ ನಮ್ಮವರನ್ನೂ ಮರೆಯಲಾಗದು. ಮುಂಬಯಿ, ಬೆಂಗಳೂರು, ಕೊಲ್ಲಿಯ ನಾಡುಗಳಲ್ಲಿ ಈ ನೆಲದ ಮಕ್ಕಳು ದುಡಿಯುತ್ತಿದ್ದಾರೆ. ಪರದೇಶದ ಹಣವೆಂದರೆ ಕಾಯದೆಯ ತೊಡಕೆಂದು ಕೆಲವು ಸಂಸ್ಥೆಗಳು ಅಂಜುತ್ತವೆ. ಭಾರತದ ಪೌರತ್ವವನ್ನು ಉಳಿಸಿಕೊಂಡವನು ತನ್ನ ಸ್ವಂತ ಗಳಿಕೆಯಿಂದ ಬ್ಯಾಂಕಿನ ಮುಖಾಂತರ ಕಳಿಸಿದ ದಾನ ವಿದೇಶಿ ದೇಣಿಗೆಯಲ್ಲ. ಬೇರೆ ದೇಶದ ಪೌರತ್ವ ಪಡೆದವನ ದಾನಕ್ಕೆ ಮಾತ್ರ ಸಂಸ್ಥೆಯು ಸರಕಾರದಲ್ಲಿ ನೋಂದಣಿ ಅಥವಾ ಪೂರ್ವಾನುಮತಿ ಪಡೆದಿರಬೇಕು. ಈ ಭೇದವನ್ನರಿತರೆ ಅಂಜಿಕೆಗೆ ಕಾರಣವಿಲ್ಲ.

ಕೇಳುವವರಿಗೂ ಎರಡು ಮಾತು. ಮೊದಲನೆಯದು, ಜಮಾಖರ್ಚನ್ನು ವರ್ಷಕ್ಕೊಮ್ಮೆ ರಂಗಸ್ಥಳದ ಮೇಲೆಯೇ ಓದಿ ಹೇಳಿರಿ. ಐವತ್ತು ರೂಪಾಯಿ ಕೊಟ್ಟವನಿಗೂ ರಸೀತಿ ಕೊಡಿರಿ. ಹಣ ಎಲ್ಲಿಗೆ ಹೋಯಿತೆಂದು ತಿಳಿದವನು ಮರುವರ್ಷ ತಾನಾಗಿ ಬರುತ್ತಾನೆ. ಎರಡನೆಯದು, ತೆರಿಗೆಯ ರಿಯಾಯತಿಯನ್ನೇ ಆಮಿಷವಾಗಿ ಒಡ್ಡಬೇಡಿರಿ. ಹೊಸ ತೆರಿಗೆ ಪದ್ಧತಿಯನ್ನು ಆಯ್ದುಕೊಂಡ ಸಂಬಳದಾರನಿಗೆ ಅದು ದೊರೆಯುವದೂ ಇಲ್ಲ. ಕೊಡುವವನು ಕಲೆಯ ಮೇಲಣ ಮಮತೆಯಿಂದ ಕೊಡಬೇಕು; ಆ ಮಮತೆ ಹುಟ್ಟುವಂತೆ ತಾಲೀಮಿನ ಮನೆಯ ಬಾಗಿಲನ್ನು ತೆರೆದಿಡಿರಿ. ಮೊದಲ ಹೆಜ್ಜೆ ತಪ್ಪಿ ನಾಚುವ ಹುಡುಗನನ್ನು ಕಣ್ಣಾರೆ ಕಂಡ ಗೃಹಸ್ಥನಿಗೆ ಬೇರೆ ವಿಜ್ಞಾಪನಾ ಪತ್ರವೇಕೆ?

ಈ ಕೆಲಸದ ಮೊದಲ ಹೆಜ್ಜೆಯನ್ನು ಉಪಾಧ್ಯಾಯ ಬಂಧುಗಳೇ ಇಡಬೇಕೆಂದು ನಮ್ಮ ಬಿನ್ನಹ. ಊರಿನ ಮನೆಮನೆಯನ್ನು ಬಲ್ಲವರು ಅವರು. ಅವರ ಕೈಯ ವಹಿಯನ್ನು ಜನರು ನಂಬುತ್ತಾರೆ. ಬರುವ ಮಳೆಗಾಲ ಮುಗಿಯುವದರೊಳಗೆ ಒಬ್ಬೊಬ್ಬ ಮಾಸ್ತರರು ಹತ್ತು ಹತ್ತು ಮನೆಗಳ ಹೆಸರು ಬರೆಯಿಸಿದರೆ, ದೀಪಾವಳಿಯ ತರುವಾಯ ಚೆಂಡೆಯ ಸದ್ದು ಕೇಳಿದಾಗ, ಇದು ನಾವು ಸಾಕಿದ ಸದ್ದು ಎಂದು ಹೇಳುವ ಅಧಿಕಾರ ನಮಗೆಲ್ಲರಿಗೂ ಬಂದೀತು. ಆಟವನ್ನು ನೋಡಿ ಮೆಚ್ಚಿದ್ದು ಸಾಕು. ಇನ್ನು ಅದನ್ನು ಕಲಿಯುವವರ ಅನ್ನದ ಹೊಣೆಯನ್ನೂ ಹೊರೋಣ.